ಬೆಳ್ಳಿ ಮೂಡುವ ಹೊತ್ತಿಗೆ: ಹಿತ್ತಲಿನಲ್ಲಿ ಪುಟ್ಟ ದೂರದರ್ಶಕದಿಂದ ನಸುಕಿನ ಆಕಾಶ ನೋಡುವ ಸಮಗ್ರ ಮಾರ್ಗದರ್ಶಿ

ಆಸೆಯಿಂದ ಪುಟ್ಟ ದೂರದರ್ಶಕ ಕೊಂಡವರಲ್ಲಿ ಹೆಚ್ಚಿನವರು ಅದನ್ನು ಹೊರಗೆ ತರುವುದು ರಾತ್ರಿ ಎಂಟರ ಸುಮಾರಿಗೆ, ಊಟಕ್ಕೆ ಮೊದಲು, ತಾರಸಿಯ ಮೇಲೆ. ನಮ್ಮ ಊರುಗಳ ಮಟ್ಟಿಗೆ ಹೇಳುವುದಾದರೆ ಇಡೀ ರಾತ್ರಿಯಲ್ಲಿ ಇದಕ್ಕಿಂತ ಅನನುಕೂಲವಾದ ಹೊತ್ತು ಇನ್ನೊಂದಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟು ಆಗ ಬಿಸಿಯನ್ನು ಮೇಲಕ್ಕೆ ಬಿಡುತ್ತಿರುತ್ತದೆ. ಆ ಬಿಸಿಗಾಳಿಯ ಮೂಲಕ ನೋಡಿದ ಗ್ರಹವು ಕುದಿಯುವ ಎಸರಿನ ಆವಿಯಾಚೆ ಇಟ್ಟ ದೀಪದಂತೆ ನಡುಗುತ್ತದೆ. ರಸ್ತೆಯ ಧೂಳು ಇನ್ನೂ ಕೂತಿರುವುದಿಲ್ಲ, ಅಕ್ಕಪಕ್ಕದ ಮನೆಗಳ ದೀಪ ಆರಿರುವುದಿಲ್ಲ. ಅದೇ ದೂರದರ್ಶಕವನ್ನು ಬೆಳಗಿನ ಜಾವ ನಾಲ್ಕಕ್ಕೆ ಹಿತ್ತಲಿನ ಮಣ್ಣಿನ ಮೇಲೆ ನಿಲ್ಲಿಸಿದರೆ ಅದು ಬೇರೆಯೇ ಸಾಧನವೆಂಬಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ನಸುಕಿಗೆ ಇನ್ನೊಂದು ಅನುಕೂಲವೂ ಇದೆ. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ, ಅಂದರೆ ತಿಂಗಳಿಗೆ 2 ಗಂಟೆ, ಮುಂಚಿತವಾಗಿ ಹುಟ್ಟುತ್ತ ಹೋಗುತ್ತವೆ. ಆದ್ದರಿಂದ ಅಕ್ಟೋಬರ್ ಮಧ್ಯದ ಬೆಳಗಿನ 5 ಗಂಟೆಯ ಆಕಾಶವು ಫೆಬ್ರವರಿ ಮಧ್ಯದ ರಾತ್ರಿ 9 ಗಂಟೆಯ ಆಕಾಶವೇ ಆಗಿರುತ್ತದೆ. ಚಳಿಗಾಲದ ಉಜ್ಜ್ವಲ ನಕ್ಷತ್ರಗಳಿಗಾಗಿ ಚಳಿಗಾಲದವರೆಗೆ ಕಾಯಬೇಕಾಗಿಲ್ಲ. ಮಳೆಗಾಲ ಹಿಂದೆ ಸರಿದು ಗಾಳಿ ತೊಳೆದಿಟ್ಟಂತಿರುವಾಗಲೇ ಅವು ನೆತ್ತಿಯ ಬಳಿ ಸಿಗುತ್ತವೆ. ಈ ಬರಹದಲ್ಲಿ ನಾನು ಮುಖ್ಯವಾಗಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗಿನ ಬೆಳಗುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ನಮ್ಮ ಮನೆ ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿದೆ. ಅಕ್ಷಾಂಶ 13 ಡಿಗ್ರಿಗಿಂತ ತುಸು ಹೆಚ್ಚು. ಬೀದರ್‌ನಲ್ಲಿರುವವರಿಗೆ ದಕ್ಷಿಣದ ನಕ್ಷತ್ರಗಳು ನಾಲ್ಕೈದು ಡಿಗ್ರಿ ತಗ್ಗಿನಲ್ಲಿ ಕಂಡಾವು. ಉಳಿದಂತೆ ಲೆಕ್ಕ ಕರ್ನಾಟಕಕ್ಕೆಲ್ಲ ಒಂದೇ.

ಯಾವ ದಿನ ಏಳಬೇಕು

ಮೊದಲ ಹೆಜ್ಜೆ ಪಂಚಾಂಗ ಅಥವಾ ಗೋಡೆಯ ಕ್ಯಾಲೆಂಡರ್ ನೋಡುವುದು. ಇಲ್ಲಿ ಅನುಭವಸ್ಥರೂ ಎಡವುತ್ತಾರೆ. ಸಂಜೆ ನೋಡುವವರಿಗೆ ಕತ್ತಲು ಸಿಗುವುದು ಕೃಷ್ಣ ಪಕ್ಷದಲ್ಲಿ. ಆ ಅಭ್ಯಾಸದಲ್ಲೇ ಬಹುಳ ಪಂಚಮಿಯಂದು ನಸುಕಿಗೆ ಎದ್ದರೆ ಮುಕ್ಕಾಲು ಚಂದ್ರ ಆಕಾಶದ ನಡುವೆ ನಿಂತು ಸ್ವಾಗತಿಸುತ್ತಾನೆ. ಬೆಳಗಿನ ವೀಕ್ಷಕರಿಗೆ ಬೇಕಾದದ್ದು ಶುಕ್ಲ ಪಕ್ಷ. ಅಮಾವಾಸ್ಯೆಯಿಂದ ಶುಕ್ಲ ಏಕಾದಶಿಯ ತನಕ ಚಂದ್ರನು ನಾಲ್ಕು ಗಂಟೆಗೆ ಮೊದಲೇ ಮುಳುಗಿರುತ್ತಾನೆ. ಅಂದರೆ ತಿಂಗಳಲ್ಲಿ ಹತ್ತು ಹನ್ನೊಂದು ಬೆಳಗುಗಳು ಪೂರ್ತಿ ಕತ್ತಲಾಗಿ ದಕ್ಕುತ್ತವೆ. ಕೃಷ್ಣ ಪಕ್ಷದ ಬೆಳಗುಗಳೂ ವ್ಯರ್ಥವಲ್ಲ, ಅವು ಚಂದ್ರನನ್ನೇ ನೋಡಲು ಮೀಸಲು. ಆ ವಿಷಯ ಮುಂದೆ ಬರುತ್ತದೆ.

ಎರಡನೆಯದು ಸಮಯದ ಲೆಕ್ಕ. ಸೂರ್ಯನು ದಿಗಂತಕ್ಕಿಂತ 18 ಡಿಗ್ರಿ ಕೆಳಗಿರುವವರೆಗೆ ಮಾತ್ರ ಆಕಾಶ ನಿಜವಾಗಿ ಕಪ್ಪಾಗಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಮೇಲೇರುವುದರಿಂದ ಆ 18 ಡಿಗ್ರಿ ಕ್ರಮಿಸಲು ಸುಮಾರು ಒಂದೂಕಾಲು ಗಂಟೆ ಸಾಕು. ಉತ್ತರ ಯೂರೋಪಿನಲ್ಲಿ ಬೇಸಿಗೆಯಲ್ಲಿ ಈ ಸಂಧ್ಯೆ ರಾತ್ರಿಯಿಡೀ ಮುಗಿಯುವುದೇ ಇಲ್ಲ. ಅಕ್ಟೋಬರ್ ಮಧ್ಯದಲ್ಲಿ ನಮ್ಮಲ್ಲಿ ಸೂರ್ಯೋದಯ ಸುಮಾರು 6:10ಕ್ಕೆ. ಹಾಗಾಗಿ ಐದಕ್ಕೆ ಐದು ನಿಮಿಷವಿರುವಾಗಲೇ ಮೂಡಣದಲ್ಲಿ ಕಪ್ಪು ತೆಳುವಾಗತೊಡಗುತ್ತದೆ. ಮೂರೂವರೆಗೆ ಎದ್ದು, ಮೂರೂಮುಕ್ಕಾಲಕ್ಕೆ ದೂರದರ್ಶಕದ ಬಳಿ ಇದ್ದರೆ ಮಸುಕಾದ ಕಾಯಗಳಿಗೆ ಒಂದು ಗಂಟೆಗೂ ಮಿಗಿಲಾದ ಹೊತ್ತು, ಆಮೇಲೆ ಚಂದ್ರ ಮತ್ತು ಗ್ರಹಗಳಿಗೆ ಮುಕ್ಕಾಲು ಗಂಟೆ ಸಿಗುತ್ತದೆ. ಇದಕ್ಕಿಂತ ಹೆಚ್ಚು ಹೊತ್ತು ನೋಡಿದರೆ ದಣಿವೇ ಹೊರತು ಲಾಭವಿಲ್ಲ.

ಸಾಧನದ ಬಗ್ಗೆ ಬೇಕಾದಷ್ಟು ಮಾತ್ರ

ನನ್ನ ಬಳಿ ಇರುವುದು 130 ಮಿ.ಮೀ. ವ್ಯಾಸದ ಕನ್ನಡಿ, 650 ಮಿ.ಮೀ. ಸಂಗಮ ದೂರ (ಕನ್ನಡಿಯಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) ಇರುವ ಡಾಬ್ಸೋನಿಯನ್, ಅಂದರೆ ತಿರುಗುವ ಸರಳ ಪೀಠದ ಮೇಲೆ ಕೂರಿಸಿದ ಕನ್ನಡಿ ದೂರದರ್ಶಕ. 70 ಮಿ.ಮೀ. ಮಸೂರದ ದೂರದರ್ಶಕವಿದ್ದರೂ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದನ್ನು ನೋಡಬಹುದು. ಕತ್ತಲಲ್ಲಿ 7 ಮಿ.ಮೀ. ಹಿಗ್ಗುವ ಕಣ್ಣಪಾಪೆಗೆ ಹೋಲಿಸಿದರೆ 70 ಮಿ.ಮೀ. ಮಸೂರ ನೂರು ಪಟ್ಟು ಬೆಳಕು ಹಿಡಿಯುತ್ತದೆ. ಸಂಗಮ ದೂರವನ್ನು ಐಪೀಸಿನ (ಕಣ್ಣಿಟ್ಟು ನೋಡುವ ಪುಟ್ಟ ಮಸೂರದ ಕೊಳವೆ) ಮೇಲಿನ ಅಂಕಿಯಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ: 25 ಮಿ.ಮೀ. ಐಪೀಸ್ ಹಾಕಿದರೆ ನನ್ನದು 26 ಪಟ್ಟು, 10 ಮಿ.ಮೀ. ಹಾಕಿದರೆ 65 ಪಟ್ಟು. ವರ್ಧನೆಯನ್ನು ಎರಡು ಪಟ್ಟು ಮಾಡುವ ಬಾರ್ಲೋ ಮಸೂರವೊಂದಿದ್ದರೆ 130 ಪಟ್ಟು. ಇಷ್ಟರಲ್ಲೇ ಎಲ್ಲ ಕೆಲಸವೂ ಆಗುತ್ತದೆ. ಪೆಟ್ಟಿಗೆಯ ಮೇಲೆ 525 ಪಟ್ಟು, 675 ಪಟ್ಟು ಎಂದು ಅಚ್ಚು ಹಾಕಿ ಮಾರುವವುಗಳನ್ನು ನಂಬಬಾರದು. ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಮೇಲ್ಮಿತಿ. ಅದನ್ನು ದಾಟಿದರೆ ಚಿತ್ರ ದೊಡ್ಡದಾಗುತ್ತದೆ, ವಿವರ ಮಾತ್ರ ಹೆಚ್ಚುವುದಿಲ್ಲ.

ಮೌಂಟಿನ, ಅಂದರೆ ಕೊಳವೆಯನ್ನು ಹಿಡಿದು ತಿರುಗಿಸುವ ಪೀಠದ, ವಿಷಯದಲ್ಲಿ ನಮ್ಮ ನಾಡಿನವರಿಗೇ ವಿಶೇಷವಾದ ಒಂದು ತೊಡಕಿದೆ. ಆಕಾಶದ ಚಲನೆಯನ್ನು ಹಿಂಬಾಲಿಸುವ ಈಕ್ವಟೋರಿಯಲ್ ಮೌಂಟಿನ ಅಕ್ಷವನ್ನು ಧ್ರುವ ನಕ್ಷತ್ರದತ್ತ ತಿರುಗಿಸಬೇಕು. ಅದು ನಮಗೆ ಕಾಣುವುದು ದಿಗಂತದಿಂದ ಕೇವಲ 13 ಡಿಗ್ರಿ ಎತ್ತರದಲ್ಲಿ, ಅಂದರೆ ಬಹುಪಾಲು ಹಿತ್ತಲುಗಳಲ್ಲಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಅಷ್ಟು ತಗ್ಗಿಸಿದಾಗ ಕೆಲವು ಅಗ್ಗದ ಮೌಂಟುಗಳ ತೂಕದ ಸರಳು ಟ್ರೈಪಾಡಿನ ಕಾಲಿಗೆ ತಗಲುತ್ತದೆ. ಆದ್ದರಿಂದ ಹೊಸದಾಗಿ ಕೊಳ್ಳುವವರು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮಾತ್ರ ತಿರುಗುವ ಸರಳ ಮೌಂಟನ್ನೇ ಆರಿಸುವುದು ಲೇಸು. ಮೇಜಿನ ಮೇಲಿಡುವ ಡಾಬ್ಸೋನಿಯನ್‌ಗೆ ಅಲುಗದ ಪೀಠ ಬೇಕು; ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟರೆ ಮುಟ್ಟಿದಾಗಲೆಲ್ಲ ನಕ್ಷತ್ರ ಕುಣಿಯುತ್ತದೆ. ನಾನು ಎರಡು ತಿಂಗಳು ಒದ್ದಾಡಿ ಕೊನೆಗೆ ಕಂಡುಕೊಂಡ ಪೀಠ ಹಿತ್ತಲಿನಲ್ಲೇ ಇತ್ತು: ಬಟ್ಟೆ ಒಗೆಯುವ ಕಲ್ಲು. ಸೊಂಟದೆತ್ತರದ ಆ ಚಪ್ಪಡಿಗಿಂತ ಗಟ್ಟಿಯಾದ ಪೀಠವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಹಿಂದಿನ ದಿನ ಅದರ ಮೇಲೆ ನೀರು ಬೀಳದಂತೆ ಮನೆಯವರನ್ನು ಒಪ್ಪಿಸಿಕೊಳ್ಳುವುದೊಂದೇ ಕಷ್ಟ.

ಹಿಂದಿನ ಸಂಜೆ ಮಾಡಿಡಬೇಕಾದದ್ದು

ನಿದ್ದೆಗಣ್ಣಿನಲ್ಲಿ ತಿರುಪು ಹುಡುಕುವ ಸ್ಥಿತಿ ಬರಬಾರದು. ನಸುಕಿನ ವೀಕ್ಷಣೆಯ ಅರ್ಧದಷ್ಟು ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು.

ಎಲ್ಲಕ್ಕಿಂತ ಮೊದಲು ಫೈಂಡರನ್ನು, ಅಂದರೆ ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ಸಾಧನವನ್ನು, ಹೊಂದಿಸಬೇಕು. ಬೆಳಕಿರುವಾಗಲೇ, ಸೂರ್ಯನಿಗೆ ಬೆನ್ನು ಮಾಡಿ, ಕನಿಷ್ಠ ಅರ್ಧ ಕಿಲೋಮೀಟರ್ ದೂರದ ಒಂದು ಗುರುತನ್ನು 25 ಮಿ.ಮೀ. ಐಪೀಸಿನ ಮಧ್ಯಕ್ಕೆ ತರಬೇಕು. ಮೊಬೈಲ್ ಟವರಿನ ತುದಿ ಅಥವಾ ಒಂಟಿ ತೆಂಗಿನ ಸುಳಿ ಆದೀತು. ಆಮೇಲೆ ಕೊಳವೆಯನ್ನು ಅಲುಗಿಸದೆ, ಫೈಂಡರಿನ ತಿರುಪುಗಳನ್ನು ತಿರುಗಿಸುತ್ತ ಅದರ ಕೆಂಪು ಚುಕ್ಕಿ ಅಥವಾ ಅಡ್ಡಗೆರೆ ಅದೇ ತುದಿಯ ಮೇಲೆ ಕೂರುವಂತೆ ಮಾಡಬೇಕು. ಐಪೀಸನ್ನು 10 ಮಿ.ಮೀ.ಗೆ ಬದಲಿಸಿ ಇನ್ನೊಮ್ಮೆ ಪರೀಕ್ಷಿಸಬೇಕು. ಇದನ್ನು ಮಾಡದೆ ನಾನು ಕಳೆದ ಮೊದಲ ಬೆಳಗಿನಲ್ಲಿ ನಲವತ್ತು ನಿಮಿಷ ಕೊಳವೆಯನ್ನು ಅತ್ತಿತ್ತ ತಿರುಗಿಸಿ, ಲುಬ್ಧಕ ನಕ್ಷತ್ರ ಸಿಕ್ಕಿತೆಂದು ಹಿಗ್ಗಿ ನೋಡಿದ್ದು ಊರಾಚೆಯ ಒಂದು ಪಂಪ್‌ಹೌಸಿನ ದೀಪವನ್ನು.

ಎರಡನೆಯದು, ಕುಳಿತು ನೋಡುವ ಜಾಗದಿಂದ ಯಾವ ಬೀದಿದೀಪ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ ಎಂದು ನೋಡಿಟ್ಟುಕೊಳ್ಳಬೇಕು. ದೀಪವನ್ನು ಆರಿಸಲಾಗದಿದ್ದರೂ ಬಟ್ಟೆ ಒಣಹಾಕುವ ತಂತಿಯ ಮೇಲೆ ಹಳೆಯ ಕಂಬಳಿಯೊಂದನ್ನು ಇಳಿಬಿಟ್ಟರೆ ನೆರಳು ಸಿಗುತ್ತದೆ. ಪೂರ್ವ ಮತ್ತು ದಕ್ಷಿಣ ದಿಕ್ಕುಗಳು ತೆರೆದಿದ್ದರೆ ಸಾಕು.

ಟಾರ್ಚಿಗೆ ಎರಡು ಮೂರು ಪದರ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಕು. ಆದರೆ ಇದರ ಜೊತೆಗೆ ಬಿಳಿ ಬೆಳಕಿನ ಇನ್ನೊಂದು ಟಾರ್ಚು ಇರಲೇಬೇಕು. ಮನೆ ಬಾಗಿಲಿನಿಂದ ದೂರದರ್ಶಕದವರೆಗೆ ನಡೆಯುವಾಗ ಬಿಳಿ ಬೆಳಕನ್ನೇ ಬಳಸಬೇಕು, ಕಾಲಿಗೆ ಬೂಟು ಹಾಕಿರಬೇಕು. ಹಿತ್ತಲೆಂದರೆ ಹಾವು ಚೇಳುಗಳೂ ಓಡಾಡುವ ಜಾಗ. ನಕ್ಷತ್ರ ನೋಡುವ ಉತ್ಸಾಹದಲ್ಲಿ ಬರಿಗಾಲಲ್ಲಿ ಇಳಿಯುವುದು ಬೇಡ. ಸೊಳ್ಳೆಯ ಮುಲಾಮನ್ನು ಹಚ್ಚಿಕೊಂಡ ಬಳಿಕ ಕೈ ತೊಳೆಯದೆ ಐಪೀಸ್ ಮುಟ್ಟಬಾರದು. ಅದರಲ್ಲಿನ ರಾಸಾಯನಿಕ ಪ್ಲಾಸ್ಟಿಕ್ಕನ್ನೂ ಮಸೂರದ ಲೇಪವನ್ನೂ ಕೆಡಿಸುತ್ತದೆ.

ಕೊನೆಯದಾಗಿ, ದೂರದರ್ಶಕವನ್ನು ಕಳ್ಳಕಾಕರ ಭಯವಿಲ್ಲದ, ಗಾಳಿಯಾಡುವ ಹಿಂಬದಿಯ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಮಲಗಿಸಿಡುವುದು ಉತ್ತಮ. ಮುಚ್ಚಿದ ಕೋಣೆಯ ಬೆಚ್ಚನೆಯ ಕನ್ನಡಿಯನ್ನು ತಂಪು ಗಾಳಿಗೆ ತಂದರೆ ಅದರ ಮೇಲೆ ಬಿಸಿಗಾಳಿಯ ತೆಳು ಪದರ ಎದ್ದು ಚಿತ್ರವನ್ನು ಕಲಕುತ್ತದೆ. ಅದು ತಣಿಯಲು ಅರ್ಧ ಗಂಟೆ ಬೇಕು. ರಾತ್ರಿಯೇ ಹೊರಗಿನ ಗಾಳಿಗೆ ಒಗ್ಗಿದ್ದರೆ ಆ ಅರ್ಧ ಗಂಟೆ ನಿಮ್ಮ ನಿದ್ದೆಗೆ ಉಳಿಯುತ್ತದೆ.

ಎದ್ದ ಮೇಲೆ

ಏಳುವಾಗ ದೊಡ್ಡ ದೀಪ ಹಾಕಬಾರದು, ಮೊಬೈಲ್ ನೋಡಬಾರದು. ಕಣ್ಣು ಕತ್ತಲಿಗೆ ಒಗ್ಗಲು, ಅಂದರೆ ಅಕ್ಷಿಪಟಲದ ಸರಳು ಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಲು, 20ರಿಂದ 30 ನಿಮಿಷ ಬೇಕು. ಒಂದು ಕ್ಷಣದ ಬಿಳಿ ಬೆಳಕು ಅದನ್ನು ಮತ್ತೆ ಮೊದಲಿನಿಂದ ಶುರುಮಾಡಿಸುತ್ತದೆ. ನಿದ್ದೆಯಿಂದ ಎದ್ದವರ ಕಣ್ಣು ಆಗಲೇ ಕತ್ತಲಿಗೆ ಒಗ್ಗಿರುತ್ತದೆ ಎಂಬುದು ಸಂಜೆಯವರಿಗೆ ಇಲ್ಲದ ಲಾಭ. ಅದನ್ನು ಬಚ್ಚಲಿನ ಟ್ಯೂಬ್‌ಲೈಟಿಗೆ ಬಲಿಕೊಡಬಾರದು. ಹೊರಗೆ ನಡೆಯುವಾಗ ಬಿಳಿ ಟಾರ್ಚನ್ನು ನೆಲಕ್ಕೆ ಮಾತ್ರ ಬಿಟ್ಟು, ನೋಡುವ ಕಣ್ಣೊಂದನ್ನು ಮುಚ್ಚಿಕೊಂಡರೆ ಎರಡೂ ಕೆಲಸ ಆಗುತ್ತದೆ.

ಹೊರಗೆ ಬಂದು ಮೊದಲು ಬರಿಗಣ್ಣಿನಿಂದ ಐದು ನಿಮಿಷ ಮೇಲೆ ನೋಡಬೇಕು. ನೆತ್ತಿಯ ಸುತ್ತಲಿನ ನಕ್ಷತ್ರಗಳು ಮಿನುಗದೆ ಸ್ಥಿರವಾಗಿದ್ದರೆ ಅಂದು ಹೆಚ್ಚು ವರ್ಧನೆ ಬಳಸಬಹುದು. ಅವು ಪಟಪಟನೆ ಮಿನುಗುತ್ತಿದ್ದರೆ 10 ಮಿ.ಮೀ. ಐಪೀಸನ್ನು ಜೇಬಿನಲ್ಲೇ ಇಟ್ಟುಕೊಂಡು ಅಗಲ ನೋಟದ ನಕ್ಷತ್ರ ಗುಚ್ಛಗಳತ್ತ ಹೋಗುವುದು ಜಾಣತನ.

ದಿಕ್ಕು ಹಿಡಿಯುವುದು ಸುಲಭ. ಅಕ್ಟೋಬರ್ ಮಧ್ಯದಲ್ಲಿ ನಾಲ್ಕು ಗಂಟೆಗೆ ದಕ್ಷಿಣಕ್ಕೆ ಮುಖಮಾಡಿ ನಿಂತು ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸಿದರೆ ಸಾಲಾಗಿ ನಿಂತ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಸೊಂಟಪಟ್ಟಿ. ಅದರ ಒಂದು ಬದಿಗೆ ಕೆಂಪಗಿನ ಆರ್ದ್ರೆ, ಇನ್ನೊಂದು ಬದಿಗೆ ನೀಲಿಬಿಳುಪಿನ ರೈಜೆಲ್. ಪಟ್ಟಿಯ ಗೆರೆಯನ್ನು ಪಶ್ಚಿಮದತ್ತ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಅದನ್ನೂ ದಾಟಿದರೆ ಕೃತ್ತಿಕೆಯ ಗೊಂಚಲು. ಪೂರ್ವ ಆಗ್ನೇಯದತ್ತ ಎಳೆದರೆ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರವಾದ ಲುಬ್ಧಕ. ಐದು ಗಂಟೆಯ ಹೊತ್ತಿಗೆ ನೇರ ದಕ್ಷಿಣದಲ್ಲಿ, ದಿಗಂತದಿಂದ ಸುಮಾರು 24 ಡಿಗ್ರಿ ಮೇಲೆ ಅಗಸ್ತ್ಯ ನಿಂತಿರುತ್ತದೆ. ಹೊಳಪಿನಲ್ಲಿ ಅದಕ್ಕೆ ಎರಡನೆಯ ಸ್ಥಾನ, ಆದರೂ ಲಂಡನ್ನಿನವರಿಗೆ ಅದು ಎಂದೂ ಕಾಣಸಿಗದು.

ಮೊದಲ ಗುರಿ: ಮಹಾವ್ಯಾಧ ನೀಹಾರಿಕೆ

ಸೊಂಟಪಟ್ಟಿಯಿಂದ ದಕ್ಷಿಣಕ್ಕೆ ಖಡ್ಗದಂತೆ ಇಳಿಬಿದ್ದ ಮೂರು ಮಂಕು ಚುಕ್ಕಿಗಳಿವೆ. ನಡುವಿನದು ನಕ್ಷತ್ರವಲ್ಲ, ನೀಹಾರಿಕೆ: ಬೆಳಗುವ ಅನಿಲದ ಮೋಡ. ಬರಿಗಣ್ಣಿಗೂ ಅದು ತುಸು ಒರೆಸಿದಂತೆ ಕಾಣುತ್ತದೆ. ಫೈಂಡರನ್ನು ಅದರ ಮೇಲಿಟ್ಟು 25 ಮಿ.ಮೀ. ಐಪೀಸಿನಲ್ಲಿ ನೋಡಿದರೆ ರೆಕ್ಕೆ ಬಿಚ್ಚಿದ ಹಕ್ಕಿಯಂಥ ಬೂದು ಬೆಳಕು ಕಾಣುತ್ತದೆ. ಫೋಟೋಗಳ ಗುಲಾಬಿ ಬಣ್ಣವನ್ನು ನಿರೀಕ್ಷಿಸಿ ಬಂದವರು ಇಲ್ಲಿ ನಿರಾಶರಾಗಿ ಒಳಗೆ ಹೋಗಿಬಿಡುತ್ತಾರೆ. ಹೋಗಬಾರದು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಸರಳು ಕೋಶಗಳಿಗೆ ಬಣ್ಣ ತಿಳಿಯದು. ಹೆಚ್ಚೆಂದರೆ ಮಧ್ಯಭಾಗದಲ್ಲಿ ಹಸಿರಿನ ಛಾಯೆ ಕಂಡೀತು.

ಇಲ್ಲಿ ನೋಡುವುದನ್ನು ಕಲಿಯಬೇಕು. ನೀಹಾರಿಕೆಯನ್ನು ದಿಟ್ಟಿಸದೆ, ನೋಟವನ್ನು ಅದರ ಅಂಚಿನಾಚೆಗೆ ಸರಿಸಿ, ಗಮನವನ್ನು ಮಾತ್ರ ಮಧ್ಯದಲ್ಲಿಡಬೇಕು. ಕಣ್ಣಿನ ನಟ್ಟನಡುವೆ ಸರಳು ಕೋಶಗಳಿಲ್ಲ, ಪಕ್ಕದಲ್ಲಿ ದಟ್ಟವಾಗಿವೆ. ಆದ್ದರಿಂದಲೇ ಓರೆನೋಟಕ್ಕೆ ರೆಕ್ಕೆಗಳು ಇನ್ನೂ ಉದ್ದಕ್ಕೆ ಚಾಚಿಕೊಳ್ಳುತ್ತವೆ. ಎರಡು ನಿಮಿಷದ ಬಳಿಕ ಒಂದು ಕಡೆಯಿಂದ ಕಪ್ಪು ಕೊಲ್ಲಿಯೊಂದು ಬೆಳಕಿನೊಳಕ್ಕೆ ನುಗ್ಗಿರುವುದು ಕಾಣುತ್ತದೆ. ಈಗ 10 ಮಿ.ಮೀ. ಐಪೀಸ್ ಹಾಕಿ ಮೆಲ್ಲನೆ ಫೋಕಸ್ ಮಾಡಿದರೆ ಕೊಲ್ಲಿಯ ತುದಿಯಲ್ಲಿ ಒಂದೇ ಎಂದುಕೊಂಡಿದ್ದ ನಕ್ಷತ್ರ ನಾಲ್ಕಾಗಿ ಒಡೆಯುತ್ತದೆ. ಟ್ರೆಪೀಸಿಯಂ ಎಂಬ ಈ ನಾಲ್ಕು ಎಳೆಯ ನಕ್ಷತ್ರಗಳಲ್ಲಿ ಅತಿ ಪ್ರಖರವಾದುದರ ನೇರಳಾತೀತ ಬೆಳಕೇ ಸುತ್ತಲಿನ ಅನಿಲವನ್ನು ಬೆಳಗಿಸುತ್ತಿರುವುದು. ದೂರ ಸುಮಾರು 1,350 ಜ್ಯೋತಿರ್ವರ್ಷ. ಐಪೀಸಿಗೆ ಈಗ ಬಂದು ಬೀಳುತ್ತಿರುವ ಬೆಳಕು ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು.

65 ಪಟ್ಟು ವರ್ಧನೆಯಲ್ಲಿ ನೋಟದ ಅಗಲ ಮುಕ್ಕಾಲು ಡಿಗ್ರಿಯಷ್ಟೇ. ಭೂಮಿಯ ಆವರ್ತನೆಯಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಮೂರು ನಿಮಿಷದಲ್ಲಿ ನೀಹಾರಿಕೆ ಒಂದು ಅಂಚಿನಿಂದ ಇನ್ನೊಂದು ಅಂಚು ದಾಟಿಬಿಡುತ್ತದೆ. ಕೊಳವೆಯನ್ನು ತಳ್ಳುವ ಹದ ಕೈಗೆ ಬರಲು ಒಂದು ವಾರ ಹಿಡಿಯುತ್ತದೆ. ಕಾಯವನ್ನು ಅದು ಪ್ರವೇಶಿಸುವ ಅಂಚಿಗೆ ತಂದಿಟ್ಟು ಕೈ ತೆಗೆದು, ಅದು ತಾನಾಗಿ ದಾಟಿಹೋಗುವಾಗ ನೋಡುವುದೇ ಸರಿಯಾದ ಕ್ರಮ. ಚಿತ್ರ ತಲೆಕೆಳಗಾಗಿ ಕಾಣುವುದಕ್ಕೆ ಗಾಬರಿಯಾಗಬೇಕಿಲ್ಲ.

ಅಲ್ಲಿಂದ ಮುಂದೆ

ಕೃತ್ತಿಕೆಗೆ ಅತಿ ಕಡಿಮೆ ವರ್ಧನೆಯೇ ಬೇಕು. 26 ಪಟ್ಟಿನಲ್ಲಿ ಗೊಂಚಲು ಪೂರ್ತಿ ಒಳಗೆ ಕೂರುತ್ತದೆ. ಹೆಚ್ಚಿಸಿದರೆ ಚೆದುರಿ ಚಂದ ಕೆಡುತ್ತದೆ. ಲುಬ್ಧಕದಿಂದ ನೇರ ದಕ್ಷಿಣಕ್ಕೆ 4 ಡಿಗ್ರಿ, ಅಂದರೆ ಅದೇ ಐಪೀಸಿನ ಎರಡು ನೋಟದಗಲ, ಇಳಿದರೆ ಮೆಸ್ಸಿಯೇ 41 ಎಂಬ ಗುಚ್ಛ ಸಿಗುತ್ತದೆ. ಲುಬ್ಧಕದ ಪ್ರಭೆ ನೋಟದಿಂದ ಹೊರಬಿದ್ದ ಮೇಲಷ್ಟೇ ಅದರ ಸಣ್ಣ ಚುಕ್ಕಿಗಳು ಮೇಲೇಳುತ್ತವೆ. ನಾಲ್ಕೂವರೆಯ ಹೊತ್ತಿಗೆ ಪೂರ್ವದಲ್ಲಿ ಪುನರ್ವಸುವಿನ ಜೋಡಿ ಮತ್ತು ಮಘೆಯ ನಡುವೆ ಬರಿಗಣ್ಣಿಗೆ ಮಂಜಿನ ಬೊಟ್ಟಿನಂತೆ ಕಾಣುವುದು ಪುಷ್ಯ. ಅದು ಸುಮಾರು 600 ಜ್ಯೋತಿರ್ವರ್ಷ ದೂರದ ಜೇನುಗೂಡು ಗುಚ್ಛ. ಕೃತ್ತಿಕೆಗಿಂತ ಇದೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಇದನ್ನು ದೂರದರ್ಶಕವೇ ತೋರಿಸಬೇಕು.

ಜೋಡಿ ನಕ್ಷತ್ರಗಳು ಊರಿನ ಬೆಳಕಿಗೂ ಅಂಜುವುದಿಲ್ಲ. ಬೆಂಗಳೂರಿನ ಮನೆಯಂಗಳದಿಂದ ನೋಡುವವರಿಗೆ ಇವೇ ಆಸರೆ. ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಉತ್ತರದ ಕ್ಯಾಸ್ಟರ್ 100 ಪಟ್ಟು ವರ್ಧನೆಯ ಆಸುಪಾಸಿನಲ್ಲಿ ಕಾರಿನ ಎರಡು ಹೆಡ್‌ಲೈಟುಗಳಂತೆ ಬೇರೆಯಾಗುತ್ತದೆ. ರೈಜೆಲ್ ಕಠಿಣ ಪರೀಕ್ಷೆ: ಅದರ ಸಂಗಾತಿ 9 ಆರ್ಕ್ ಸೆಕೆಂಡಿಗೂ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಹೆಚ್ಚು ಆಚೆಗಿದ್ದರೂ ಮುಖ್ಯ ನಕ್ಷತ್ರ ಅದಕ್ಕಿಂತ 400 ಪಟ್ಟಿಗೂ ಹೆಚ್ಚು ಪ್ರಕಾಶಮಾನ. ಗಾಳಿ ನಿಂತ ಬೆಳಗಿನಲ್ಲಿ ಪ್ರಭೆಯ ಅಂಚಿಗೆ ಅಂಟಿದ ಸಾಸಿವೆಯಂತೆ ಅದು ಕಂಡಾಗ ನಿಮ್ಮ ಕನ್ನಡಿಗಳ ಹೊಂದಾಣಿಕೆ ಸರಿಯಿದೆ ಎಂದೇ ಅರ್ಥ. ಕಾಣದಿದ್ದರೆ ಫೋಕಸನ್ನು ತಪ್ಪಿಸಿ ನಕ್ಷತ್ರವನ್ನು ಬಳೆಯಂತೆ ಹಿಗ್ಗಿಸಿ ನೋಡಬೇಕು. ನಡುವಿನ ಕಪ್ಪು ನೆರಳು ಒಂದು ಬದಿಗೆ ಸರಿದಿದ್ದರೆ ಹೊಂದಾಣಿಕೆ ತಪ್ಪಿದೆ. ನವೆಂಬರ್ ಕೊನೆಯ ಹೊತ್ತಿಗೆ ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ಮೇಲೇರಿರುತ್ತದೆ. ಮದುವೆಯಲ್ಲಿ ಪುರೋಹಿತರು ಹಾಡಹಗಲೇ ಬೆರಳು ಮಾಡಿ ತೋರಿಸುವ ಅರುಂಧತಿಯನ್ನು ಇಲ್ಲಿ ನಿಜವಾಗಿ ನೋಡಬಹುದು. ದೂರದರ್ಶಕದಲ್ಲಿ ವಸಿಷ್ಠನೇ ಎರಡಾಗಿ ಒಡೆಯುತ್ತಾನೆ, ಅರುಂಧತಿ ಅದೇ ನೋಟದಲ್ಲಿ ತುಸು ದೂರ ನಿಂತಿರುತ್ತಾಳೆ.

ಇಬ್ಬನಿ

ನಸುಕಿನ ವೀಕ್ಷಣೆಯ ನಿಜವಾದ ಶತ್ರು ಇದು. ನಾಲ್ಕೂವರೆಯ ನಂತರ ಚಿತ್ರ ಇದ್ದಕ್ಕಿದ್ದಂತೆ ಮಂಕಾದರೆ ಮೋಡ ಬಂತೆಂದುಕೊಳ್ಳುವ ಮೊದಲು ಮಸೂರವನ್ನು ಕೆಂಪು ಬೆಳಕಿನಲ್ಲಿ ನೋಡಬೇಕು. ತೆರೆದ ಆಕಾಶಕ್ಕೆ ಮುಖಮಾಡಿದ ಗಾಜು ತನ್ನ ಶಾಖವನ್ನು ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಅದರ ಮೇಲೆ ತೇವ ಕೂರುತ್ತದೆ. ಉಪಾಯ ಅಗ್ಗದ್ದು: ಹಳೆಯ ಯೋಗಾ ಮ್ಯಾಟಿನ ತುಂಡನ್ನೋ ಕಪ್ಪು ಚಾರ್ಟ್ ಶೀಟನ್ನೋ ಕೊಳವೆಯ ಬಾಯಿಗೆ ಸುತ್ತಿ, ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಮುಂದಕ್ಕೆ ಚಾಚುವಂತೆ ಕಟ್ಟಬೇಕು. ಬಳಸದ ಐಪೀಸುಗಳು ಶರ್ಟಿನ ಜೇಬಿನಲ್ಲಿ ಮೈಯ ಬಿಸಿಗೆ ಇರಲಿ. ಐಪೀಸಿಗೆ ಕಣ್ಣಿಟ್ಟು ಉಸಿರು ಬಿಡಬಾರದು, ಕಾಫಿ ಲೋಟವನ್ನು ನಾಲ್ಕು ಹೆಜ್ಜೆ ದೂರವಿಡಬೇಕು. ತೇವವನ್ನು ಬಟ್ಟೆಯಿಂದ ಒರೆಸುವುದಂತೂ ಸಲ್ಲದು. ಧೂಳಿನೊಂದಿಗೆ ಉಜ್ಜಿದ ಗೀರು ಮತ್ತೆ ಹೋಗುವುದಿಲ್ಲ.

ಮೂಡಣ ಬೆಳ್ಳಗಾದ ಮೇಲೆ

ಐದು ಗಂಟೆಗೆ ನೀಹಾರಿಕೆಗಳು ಕರಗತೊಡಗಿದಾಗ ಕೊಳವೆಯನ್ನು ಪೂರ್ವಕ್ಕೆ ತಿರುಗಿಸಬೇಕು. ಹಳ್ಳಿಯಲ್ಲಿ ‘ಬೆಳ್ಳಿ ಮೂಡಿತು’ ಎಂದರೆ ಶುಕ್ರ ಮೂಡಿತು ಎಂದರ್ಥ. ಶುಕ್ರನ ಚಕ್ರ 584 ದಿನಗಳದು, ಅದರಲ್ಲಿ ಸುಮಾರು ಎಂಟು ತಿಂಗಳು ಅದು ಬೆಳಗಿನಲ್ಲಿ ಕಾಣುತ್ತದೆ. ಬೆಳಗಿನ ಆಕಾಶಕ್ಕೆ ಬಂದ ಮೊದಲ ವಾರಗಳಲ್ಲಿ ಅದು ದೊಡ್ಡದಾದ, ತೆಳ್ಳನೆಯ ಗೆರೆಚಂದ್ರನಂತಿದ್ದು, ತಿಂಗಳುಗಳು ಕಳೆದಂತೆ ಅರ್ಧವಾಗಿ, ತುಂಬುತ್ತ, ಆದರೆ ಚಿಕ್ಕದಾಗುತ್ತ ಹೋಗುತ್ತದೆ. ಗೆಲಿಲಿಯೊ 1610ರಲ್ಲಿ ಈ ಆಕಾರದ ಬದಲಾವಣೆಗಳನ್ನು ಕಂಡೇ ಶುಕ್ರ ಸೂರ್ಯನನ್ನು ಸುತ್ತುತ್ತದೆ ಎಂದು ಮನಗಂಡದ್ದು. ಕಪ್ಪು ಆಕಾಶದಲ್ಲಿ ಶುಕ್ರ ಕಣ್ಣು ಕೋರೈಸುವ ಬೆಳಕಿನ ಮುದ್ದೆಯಷ್ಟೇ. ಆಕಾಶ ನೀಲಿಗೆ ತಿರುಗಿದ ಮೇಲೆ ಅದರ ಆಕಾರ ಸ್ಪಷ್ಟವಾಗುತ್ತದೆ. ಇದೊಂದರ ಮಟ್ಟಿಗೆ ಕತ್ತಲಿಗಿಂತ ನಸುಬೆಳಕೇ ಮೇಲು.

ಕೃಷ್ಣ ಪಕ್ಷದ ಬೆಳಗುಗಳಲ್ಲಿ ಚಂದ್ರನೇ ಮುಖ್ಯ ಅತಿಥಿ. ಸಂಜೆ ಮಾತ್ರ ನೋಡುವವರು ಕುಳಿಗಳ ಮೇಲೆ ಚಂದ್ರನ ಸೂರ್ಯೋದಯವನ್ನಷ್ಟೇ ಕಂಡಿರುತ್ತಾರೆ. ಅಲ್ಲಿನ ಸೂರ್ಯಾಸ್ತದ ನೆರಳುಗಳು ನಸುಕಿನವರಿಗೇ ಮೀಸಲು. ಬಹುಳ ದಶಮಿಯ ಆಸುಪಾಸಿನಲ್ಲಿ 93 ಕಿ.ಮೀ. ಅಗಲದ ಕೊಪರ್ನಿಕಸ್ ಕುಳಿಯ ತಳ ಕತ್ತಲಲ್ಲಿ ಮುಳುಗುತ್ತ, ಅಂಚಿನ ಮೆಟ್ಟಿಲುಗಳು ಮಾತ್ರ ಹೊಳೆಯುತ್ತಿರುತ್ತವೆ. ತ್ರಯೋದಶಿಯ ಗೆರೆಚಂದ್ರನ ಕತ್ತಲ ಭಾಗವನ್ನು 26 ಪಟ್ಟಿನಲ್ಲಿ ನೋಡಿದರೆ ಅದು ಪೂರ್ತಿ ಕಪ್ಪಲ್ಲ. ಭೂಮಿಯಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಅಲ್ಲಿನ ಬಯಲುಗಳು ಬೂದು ಬಣ್ಣದಲ್ಲಿ ಕಾಣುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಸಂಜೆಯ ವೀಕ್ಷಣೆ ಸೂರ್ಯ ಹೋದ ಮೇಲೆ ಶುರುವಾಗುತ್ತದೆ. ನಸುಕಿನದು ಸೂರ್ಯ ಬರುವಾಗ ಮುಗಿಯುತ್ತದೆ. ಪೂರ್ವಕ್ಕೆ ತಿರುಗಿದ ಕೊಳವೆಯಲ್ಲಿ ಸೂರ್ಯನ ಅಂಚು ಒಂದು ಕ್ಷಣ ಬಿದ್ದರೂ ಕಣ್ಣು ಶಾಶ್ವತವಾಗಿ ಹೋಗುತ್ತದೆ, ನೋವಿನ ಸೂಚನೆಯೂ ಸಿಗುವುದಿಲ್ಲ. ಆದ್ದರಿಂದ ಸೂರ್ಯೋದಯಕ್ಕೆ 15 ನಿಮಿಷ ಮೊದಲು ಹೊಡೆಯುವಂತೆ ಅಲಾರಂ ಇಡಬೇಕು. ಅದು ಹೊಡೆದ ಕೂಡಲೇ, ಏನನ್ನು ನೋಡುತ್ತಿದ್ದರೂ ಸರಿ, ಕೊಳವೆಯನ್ನು ಪಶ್ಚಿಮಕ್ಕೆ ತಿರುಗಿಸಬೇಕು. ದೂರದರ್ಶಕವನ್ನು ಹಿತ್ತಲಲ್ಲೇ ಬಿಟ್ಟು ಹಾಲು ತರಲು ಹೋಗುವುದು ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಅವರು ಎದ್ದು ಮೊದಲು ಬಂದು ನೋಡುವುದು ಅದರೊಳಗೇ.

ಒಳಗೆ ತರುವ ಕ್ರಮ

ಇಬ್ಬನಿ ಕೂತ ದೂರದರ್ಶಕಕ್ಕೆ ಮುಚ್ಚಳ ಹಾಕಿ ಪೆಟ್ಟಿಗೆಗೆ ಇಡುವುದು ಬೂಷ್ಟಿಗೆ ಆಮಂತ್ರಣ ಕೊಟ್ಟಂತೆ. ನನ್ನ ಮೊದಲ 10 ಮಿ.ಮೀ. ಐಪೀಸನ್ನು ಹೀಗೆಯೇ ಕಳೆದುಕೊಂಡೆ. ಮೂರು ತಿಂಗಳ ಬಳಿಕ ತೆರೆದಾಗ ಗಾಜಿನ ಒಳಗೆ ಜೇಡರ ಬಲೆಯಂಥ ಎಳೆಗಳು ಹಬ್ಬಿದ್ದವು. ಮುಚ್ಚಳಗಳನ್ನೆಲ್ಲ ತೆಗೆದು, ಕೊಳವೆಯ ಬಾಯನ್ನು ತುಸು ಕೆಳಮುಖವಾಗಿಸಿ, ನೆರಳಿನಲ್ಲಿ ಒಂದೆರಡು ಗಂಟೆ ಗಾಳಿಗೆ ಬಿಟ್ಟು, ಪೂರ್ತಿ ಒಣಗಿದ ಮೇಲಷ್ಟೇ ಮುಚ್ಚಬೇಕು. ಮಲೆನಾಡು ಮತ್ತು ಕರಾವಳಿಯವರು ಐಪೀಸುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ನೀಲಿ ಹರಳು ಗುಲಾಬಿಗೆ ತಿರುಗಿದಾಗಲೆಲ್ಲ ಬಾಣಲೆಯಲ್ಲಿ ಮಂದ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು. ಆ ಬಾಣಲೆ ಮಾತ್ರ ಅಡುಗೆಗೆ ಮರಳಬಾರದು.

ಒಣಗಲು ಬಿಟ್ಟ ಹೊತ್ತಿನಲ್ಲಿ ನೋಟ್‌ಪುಸ್ತಕ ತೆರೆದು ತಾರೀಖು, ತಿಥಿ, ಸಮಯ, ಐಪೀಸ್, ಕಂಡದ್ದು ಮತ್ತು ಕಾಣದ್ದನ್ನು ಬರೆದಿಡಬೇಕು. ಚಿತ್ರ ಬಿಡಿಸಲು ಬಾರದಿದ್ದರೂ ನೀಹಾರಿಕೆಯ ಸುತ್ತ ಒಂದು ಗೆರೆ ಎಳೆದರೆ ಸಾಕು. ಮುಂದಿನ ವರ್ಷದ ಗೆರೆ ಅದಕ್ಕಿಂತ ಅಗಲವಾಗಿರುತ್ತದೆ.

ಉಳಿದ ತಿಂಗಳುಗಳು

ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ: ರೋಹಿಣಿ ಮಳೆ, ಆರಿದ್ರ ಮಳೆ, ಚಿತ್ತೆ ಮಳೆ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದು ಆ ಮಳೆ. ಹಾಗಾಗಿ ಆ ದಿನಗಳಲ್ಲಿ ಆ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಅಡಗಿರುತ್ತದೆ. ಅಕ್ಟೋಬರಿನ ಚಿತ್ತೆ ಮಳೆ ಮುಗಿದ ಕೆಲವು ದಿನಗಳಿಗೆ, ನವೆಂಬರ್ ಮೊದಲ ಭಾಗದಲ್ಲಿ, ಚಿತ್ತೆ ಮೂಡಣದ ನಸುಕಿನಲ್ಲಿ ಮೊದಲ ಸಲ ಇಣುಕುತ್ತದೆ. ಮಳೆ ನಕ್ಷತ್ರಗಳ ಪಟ್ಟಿ ಬಾಯಿಗೆ ಬರುವವರಿಗೆ ಬೆಳಗಿನ ಆಕಾಶದ ಕ್ಯಾಲೆಂಡರ್ ಆಗಲೇ ಅರ್ಧ ಗೊತ್ತಿದೆ ಎಂದೇ ಲೆಕ್ಕ.

ಡಿಸೆಂಬರ್, ಜನವರಿಗಳಲ್ಲಿ ಮಂಜು ಕವಿದ ಬೆಳಗುಗಳು ಹೆಚ್ಚು. ಎದ್ದು ಬಾಗಿಲು ತೆರೆದು ಮತ್ತೆ ಮಲಗಿದ ದಿನಗಳ ಲೆಕ್ಕ ನಾನು ಇಟ್ಟಿಲ್ಲ. ಫೆಬ್ರವರಿ ಮಾತ್ರ ಕೈಬಿಡಬಾರದ ತಿಂಗಳು. ಆ ತಿಂಗಳ ಮೊದಲ ವಾರದಲ್ಲಿ ಬೆಳಗಿನ ಐದಕ್ಕೆ, ನೇರ ದಕ್ಷಿಣದಲ್ಲಿ ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ, ಒಮೆಗಾ ಸೆಂಟಾರಿ ಎಂಬ ಮಂಕು ಚುಕ್ಕಿ ಇರುತ್ತದೆ. ನಮ್ಮ ಆಕಾಶಗಂಗೆಯ ಅತಿ ದೊಡ್ಡ ಗೋಳಾಕಾರದ ಗುಚ್ಛ ಅದು, ದೂರ ಸುಮಾರು 17,000 ಜ್ಯೋತಿರ್ವರ್ಷ. 26 ಪಟ್ಟಿನಲ್ಲಿ ಹತ್ತಿಯ ಉಂಡೆ. 65 ಪಟ್ಟಿಗೆ ಏರಿಸಿ ಓರೆನೋಟದಲ್ಲಿ ನೋಡುತ್ತ ಹೋದರೆ ಉಂಡೆಯ ಅಂಚು ಮೊದಲು ಒರಟಾಗಿ, ಆಮೇಲೆ ರವೆಯಂತೆ ಪುಡಿಪುಡಿಯಾಗುತ್ತದೆ. ಮಾರ್ಚಿ ಮಧ್ಯಕ್ಕೆ ಐದರ ಹೊತ್ತಿಗೆ ವೃಶ್ಚಿಕದ ಜ್ಯೇಷ್ಠಾ ದಕ್ಷಿಣದಲ್ಲಿ ಎತ್ತರಕ್ಕೆ ಬಂದಿರುತ್ತದೆ; ಅದರ ಬಾಲದ ಮೇಲ್ಭಾಗದಲ್ಲಿ ಫೈಂಡರನ್ನು ಸುಮ್ಮನೆ ಆಡಿಸಿದರೂ ಗುಚ್ಛಗಳು ಸಿಗುತ್ತವೆ. ಜೂನ್ ಬಂದ ಮೇಲೆ ಸಿಲಿಕಾ ಜೆಲ್ ಹುರಿದು, ಡಬ್ಬಿ ಮುಚ್ಚಿ, ಒಗೆಯುವ ಕಲ್ಲನ್ನು ಮನೆಯವರಿಗೆ ಬಿಟ್ಟುಕೊಡಬಹುದು.